ನೋವಿನ ಮಾತ್ರೆ ನುಂಗಿದರೆ ಮೆದುಳಿನ ನರಕೋಶಗಳು ಮಂಕಾಗುತ್ತವಾ?

ಮಂಡಿನೋವಿಗೆ ಅಮ್ಮ ಆಗಾಗ ಬ್ರೂಫೆನ್ ನುಂಗುತ್ತಾರೆ, ಇಂಥ ಮಾತ್ರೆಗಳು ನರಕೋಶಗಳ ಚಟುವಟಿಕೆ ತಗ್ಗಿಸುತ್ತವೆ ಎಂದು ಓದಿ ಭಯವಾಯಿತು, ನಿಜವಾ ಎಂದು ಕೇಳಿದ್ದೀರಿ. ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಹೆಚ್ಚಾಗಿ ಲ್ಯಾಬಿನಲ್ಲಿ ಕಂಡ ಸತ್ಯ. ನಿಮ್ಮ ತಾಯಿಯ ತಲೆಯೊಳಗೆ ಆಗುವುದೇ ಬೇರೆ. ನಾನು ಇಂಥದ್ದೇ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐಬುಪ್ರೊಫೆನ್ (ಬ್ರೂಫೆನ್‌ನಲ್ಲಿರುವುದು ಇದೇ), ಡೈಕ್ಲೋಫೆನಾಕ್, ಆಸ್ಪಿರಿನ್ ಎಲ್ಲವೂ ಕಾಕ್ಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಆಗ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದು ಕಡಿಮೆಯಾಗುತ್ತದೆ, ಊತ ಮತ್ತು ನೋವು ಇಳಿಯುತ್ತವೆ. ಇದನ್ನು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಔಷಧ ವಿಜ್ಞಾನಿ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. (ಡೋಲೋ 650 ಈ ಗುಂಪಿನದಲ್ಲ. ಅದು ಪ್ಯಾರಾಸಿಟಮಾಲ್, ಊತಕ್ಕೆ ಅಷ್ಟೇನೂ ಕೆಲಸ ಮಾಡುವುದಿಲ್ಲ.)

ಪ್ರೊಸ್ಟಾಗ್ಲಾಂಡಿನ್‌ಗೆ ನರಕೋಶಗಳ ಹತ್ತಿರವೂ ಕೆಲಸವಿದೆ. ಜ್ವರವನ್ನೇ ತೆಗೆದುಕೊಳ್ಳಿ. ಸೋಂಕು ತಗುಲಿದಾಗ ಮೆದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಪಿಜಿಇ2 ಎಂಬ ಪ್ರೊಸ್ಟಾಗ್ಲಾಂಡಿನ್ ತಯಾರಿಸುತ್ತವೆ. ಹೈಪೋಥಲಾಮಸ್ ಭಾಗದಲ್ಲಿ ಮೈಬಿಸಿಯನ್ನು ಹತೋಟಿಯಲ್ಲಿಡುವ ನರಕೋಶಗಳಿವೆ, ಅವನ್ನು ಇದು ಸುಮ್ಮನಾಗಿಸುತ್ತದೆ. ಮೈ ಕಾಯುತ್ತದೆ, ನಡುಕ ಬರುತ್ತದೆ. ಮಾತ್ರೆ ನುಂಗಿದ ಮೇಲೆ ಬೆವರಿ ಜ್ವರ ಇಳಿಯಿತು ಅಂದರೆ ಆ ಕೋಶಗಳು ಮತ್ತೆ ಕೆಲಸಕ್ಕೆ ಬಂದವು ಅಂತ. ಇಲ್ಲಿ ಮಾತ್ರೆ ಮಂಕು ಕವಿಸಲಿಲ್ಲ, ಎಬ್ಬಿಸಿತು ಅಲ್ವಾ? ಬೆನ್ನುಹುರಿಯಲ್ಲಿ ಇದಕ್ಕೆ ಉಲ್ಟಾ. ನೋವಿನ ಸುದ್ದಿ ಮೆದುಳಿಗೆ ಜಾಸ್ತಿ ಹೋಗದಂತೆ ಅಲ್ಲಿ ಗ್ಲೈಸಿನ್ ಎಂಬ ರಾಸಾಯನಿಕ ಬ್ರೇಕ್ ಹಾಕುತ್ತಿರುತ್ತದೆ. ಪಿಜಿಇ2 ಆ ಬ್ರೇಕನ್ನು ಸಡಿಲಿಸುತ್ತದೆ, ಮಾತ್ರೆ ಅದನ್ನು ಉಳಿಸುತ್ತದೆ.

ಇನ್ನು ನಿಮ್ಮನ್ನು ಹೆದರಿಸಿದ ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ಇಲಿಯ ಮೆದುಳನ್ನು ಸುಮಾರು 0.3 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸುತ್ತಾರೆ. ಲವಣ, ಸಕ್ಕರೆ ಬೆರೆಸಿದ ನೀರಿನಲ್ಲಿಟ್ಟು ಆಮ್ಲಜನಕದ ಗುಳ್ಳೆ ಬಿಡುತ್ತಿದ್ದರೆ ಹೋಳು ಗಂಟೆಗಟ್ಟಲೆ ಬದುಕಿರುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣ ತುದಿಯ ಗಾಜಿನ ಪಿಪೆಟ್ಟನ್ನು ಸೂಕ್ಷ್ಮದರ್ಶಕದಡಿ ಒಂದೇ ಒಂದು ಕೋಶಕ್ಕೆ ತಾಗಿಸಬೇಕು. ಆಮೇಲೆ ಅದಕ್ಕೆ ಜೋಡಿಸಿದ ಟ್ಯೂಬನ್ನು ಬಾಯಲ್ಲಿಟ್ಟು ಮೆಲ್ಲಗೆ ಹೀರಬೇಕು. ಪೊರೆ ಗಟ್ಟಿಯಾಗಿ ಅಂಟಿಕೊಂಡರೆ ಕೆಲಸ ಅರ್ಧ ಮುಗಿಯಿತು. ಇನ್ನಷ್ಟು ಹೀರಿ ಪೊರೆ ತೂತಾದರೆ ಕೋಶದ ಒಂದೊಂದು ವಿದ್ಯುತ್ ಮಿಡಿತವೂ ಪರದೆಯ ಮೇಲೆ ಸೆಟೆದ ಗೆರೆಯಾಗಿ ಕಾಣುತ್ತದೆ.

ಈಗ ಡೈಕ್ಲೋಫೆನಾಕ್ ಹರಿಸಿದರೆ ಆ ಗೆರೆಗಳು ವಿರಳವಾಗಬಹುದು. ಕಾರಣ ಕಾಕ್ಸ್ ಅಲ್ಲ. ಕೋಶದ ಪೊರೆಯಲ್ಲಿರುವ ಕೆವಿ7 ಎಂಬ ಪೊಟ್ಯಾಸಿಯಂ ಚಾನೆಲ್‌ಗಳು ಹೆಚ್ಚು ತೆರೆದುಕೊಳ್ಳುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕೋಶ ಬೇಗ ಕೆರಳುವುದಿಲ್ಲ. ಇಸ್ರೇಲಿನ ವಿಜ್ಞಾನಿಗಳು 2005ರಲ್ಲಿ ಇದನ್ನು ಪ್ರಕಟಿಸಿದರು. ಹೊಟ್ಟೆನೋವಿಗೆ ಕೊಡುವ ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಮ್ಲ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುವುದೂ ಗೊತ್ತಿದೆ.

ಆದರೆ ಹೋಳಿನ ಮೇಲೆ ಔಷಧ ನೇರವಾಗಿ ಬೀಳುತ್ತದೆ. ಮನುಷ್ಯರ ರಕ್ತದಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಔಷಧಗಳ ಶೇ. 99ರಷ್ಟು ಪಾಲು ಅಲ್ಬುಮಿನ್ ಎಂಬ ಪ್ರೊಟೀನಿಗೆ ಅಂಟಿಕೊಂಡೇ ಇರುತ್ತದೆ. ಮೆದುಳಿನೊಳಗೆ ದಾಟುವುದು ಅಂಟದೆ ಉಳಿದ ಚೂರೇಚೂರು. ಕಾಕ್ಸ್ ತಡೆಯಲು ಅಷ್ಟು ಸಾಕಾಗಬಹುದು, ಚಾನೆಲ್ ತೆರೆಯಲು ಸಾಲದು. ಲ್ಯಾಬಿನ ಸುದ್ದಿ ಬರೆಯುವವರು ಈ ಪ್ರಮಾಣದ ಮಾತನ್ನು ನುಂಗಿಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಮಿತಿ ಮೀರಿದರೆ ಕಥೆ ಬೇರೆ. ಮೆಫೆನಾಮಿಕ್ ಆಮ್ಲ ಒಟ್ಟಿಗೆ ಜಾಸ್ತಿ ನುಂಗಿದವರಿಗೆ ಫಿಟ್ಸ್ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಹೋಳಿನಲ್ಲಿ ಶಾಂತ ಮಾಡಿದ್ದೇ ಇಲ್ಲಿ ಕೆರಳಿಸುತ್ತದೆ! ಎರಡು ಔಷಧ ಸೇರಿದಾಗಲೂ ಹೀಗಾದದ್ದುಂಟು. 1980ರ ದಶಕದಲ್ಲಿ ಜಪಾನಿನಲ್ಲಿ ಫೆನ್‌ಬುಫೆನ್ ಎಂಬ ನೋವಿನ ಮಾತ್ರೆಯ ಜೊತೆ ಎನಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಂಡ ಕೆಲವರಿಗೆ ಫಿಟ್ಸ್ ಬಂತು. ಎರಡೂ ಸೇರಿ ಗಾಬಾದ ಕೆಲಸವನ್ನೇ ತಡೆದಿದ್ದವು. ಸಿಪ್ರೊಫ್ಲಾಕ್ಸಾಸಿನ್ ಎನಾಕ್ಸಾಸಿನ್ ಗುಂಪಿನದೇ. ನಮ್ಮಲ್ಲಿ ಒಂದೇ ಚೀಟಿಯಲ್ಲಿ ಅದನ್ನೂ ನೋವಿನ ಮಾತ್ರೆಯನ್ನೂ ಬರೆಯುವುದುಂಟು. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಆದರೆ ಮೊದಲೇ ಫಿಟ್ಸ್ ಇರುವವರು ಡಾಕ್ಟರಿಗೆ ಹೇಳಲೇಬೇಕು.

ನಿಮ್ಮ ತಾಯಿಯ ವಿಷಯಕ್ಕೆ ಬಂದರೆ, ಮೆದುಳಿಗಿಂತ ಹೊಟ್ಟೆ, ಕಿಡ್ನಿ, ಬಿಪಿ ಕಡೆ ಗಮನ ಕೊಡಿ. ಇಂಡೊಮೆಥಾಸಿನ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರೆ ತಲೆನೋವು, ತಲೆಸುತ್ತು, ಗಲಿಬಿಲಿ ಬರಬಹುದು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ತಾಯಿ ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಬ್ರೂಫೆನ್ ಕೊಡಬೇಡಿ. ಕಿಡ್ನಿ ಲಿಥಿಯಂ ಹೊರಹಾಕುವುದು ಕಡಿಮೆಯಾಗಿ, ರಕ್ತದಲ್ಲಿ ಅದು ಏರಿ, ಕೈನಡುಕ ಮತ್ತು ಗೊಂದಲ ಶುರುವಾಗಬಹುದು.