ಪಿಲ್ಲರ್ ರಿಪೇರಿಗೆ ದುಡ್ಡು ಯಾರು ಕೊಡಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು: ಮೈಸೂರಿನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್

ಪ್ರಶ್ನೆ: ಕುವೆಂಪುನಗರದಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್, 18 ವರ್ಷ ಹಳೆಯದು. ತಾರಸಿ ಸೋರುತ್ತದೆ. ಪಾರ್ಕಿಂಗ್ ಪಿಲ್ಲರ್‌ಗಳಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆ. ಮನೆಗೆ ಒಂದು ಲಕ್ಷ ಕೇಳಿದರೆ ನೆಲಮಹಡಿಯವರು ‘ನಾವ್ಯಾಕೆ ಕೊಡಬೇಕು’ ಅನ್ನುತ್ತಾರೆ. ಮೇಸ್ತ್ರಿಯೊಬ್ಬರು ಎರಡು ಲಕ್ಷಕ್ಕೆ ಗಾರೆ ಮೆತ್ತಿ ಪೇಂಟ್ ಹೊಡೆದು ಕೊಡುತ್ತಾರಂತೆ.

ಉತ್ತರ: ಆ ಎರಡು ಲಕ್ಷದ ಮಾತು ಮೊದಲು ಬಿಡಿ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಕಂಬಿ ಊದಿ ಕಾಂಕ್ರೀಟನ್ನು ಒಡೆಯುತ್ತದೆ. ಗಾರೆ ಮೆತ್ತಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ, ಒಳಗೆ ತಿನ್ನುತ್ತಲೇ ಇರುತ್ತದೆ. ಜನ ಮಲಗುವ ಕಟ್ಟಡದಲ್ಲಿ ಇಂಥ ಕೆಲಸ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಜಿನಿಯರ್ ನೋಡುವವರೆಗೆ ಆ ಪಿಲ್ಲರ್‌ಗಳ ಹತ್ತಿರ ಗಾಡಿ ನಿಲ್ಲಿಸಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ.

ನೆಲಮಹಡಿಯವರ ಮನೆ ಗಾಳಿಯಲ್ಲಿ ನಿಂತಿಲ್ಲ, ಅಲ್ವಾ? ನಿಮ್ಮ ಕಟ್ಟಡ ಡಿಕ್ಲರೇಷನ್ (ಕಾಯ್ದೆಗೆ ಒಳಪಡುತ್ತೇವೆ ಎಂದು ನೋಂದಾಯಿಸುವ ಘೋಷಣಾ ಪತ್ರ) ಆಗಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಸೇರಿದ್ದರೆ, ‘ನಾನು ಬಳಸುವುದಿಲ್ಲ’ ಎಂದು ಯಾರೂ ಸಾಮಾನ್ಯ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಎಲ್ಲರಿಂದಲೂ ಸಮನಾಗಿ ಒಂದು ಲಕ್ಷ ಕೇಳುವುದೂ ತಪ್ಪು. ಡಿಕ್ಲರೇಷನ್‌ನಲ್ಲಿ ಬರೆದ ಅವಿಭಜಿತ ಪಾಲಿನ (ಸಾಮಾನ್ಯ ಭಾಗಗಳಲ್ಲಿ ಪ್ರತಿ ಮನೆಗಿರುವ ಪಾಲು) ಪ್ರಕಾರ ಹಂಚಿ. ಹೆಚ್ಚು ಕೆಟ್ಟಿರುವ ಪಿಲ್ಲರ್ ಮೊದಲು, ಉಳಿದದ್ದು ಆಮೇಲೆ ಎಂದು ಹಂತ ಮಾಡಿಸಿ. ಕಂತಿನಲ್ಲಿ ಕೇಳಿದರೆ ಪಿಂಚಣಿಯವರಿಗೂ ಕೊಡಲು ಆಗುತ್ತದೆ. ತಾರಸಿಯ ಸೋರಿಕೆಯನ್ನೂ ಇದರ ಜೊತೆಗೇ ನಿಲ್ಲಿಸಿ, ಇಲ್ಲದಿದ್ದರೆ ಹಾಕಿದ ದುಡ್ಡು ನೀರುಪಾಲು.

ಇಷ್ಟು ವರ್ಷ ಸಿಂಕಿಂಗ್ ಫಂಡ್, ಅಂದರೆ ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಡುವ ಹಣ, ಯಾಕೆ ಇಡಲಿಲ್ಲ? ಲೆಕ್ಕ ಸುಲಭ. ತಾರಸಿಯ ವಾಟರ್‌ಪ್ರೂಫಿಂಗ್‌ಗೆ 6 ಲಕ್ಷ, ಅದು 10 ವರ್ಷ ಬಾಳುತ್ತದೆ ಎಂದುಕೊಳ್ಳಿ. ವರ್ಷಕ್ಕೆ 60,000. 24 ಮನೆಗೆ ಸರಾಸರಿ ಹಂಚಿದರೆ ತಿಂಗಳಿಗೆ ಸುಮಾರು 210 ರೂಪಾಯಿ. ಲಿಫ್ಟ್, ಪೈಪು, ಪೇಂಟ್, ಪಿಲ್ಲರ್ ಎಲ್ಲಕ್ಕೂ ಹೀಗೇ ಲೆಕ್ಕ ಹಾಕಿ ಕೂಡಿಸಿ. ಬೆಲೆ ಏರುವುದರಿಂದ ಮೂರು ವರ್ಷಕ್ಕೊಮ್ಮೆ ಲೆಕ್ಕ ತಿದ್ದಿ. ಹಣ ಬೇರೆ ಖಾತೆಯಲ್ಲಿ, ಎಫ್‌ಡಿಯಲ್ಲಿ ಇರಲಿ. ಸರ್ವಸದಸ್ಯರ ಸಭೆಯ ಠರಾವಿಲ್ಲದೆ ಒಂದು ಪೈಸೆಯೂ ಹೊರಗೆ ಬರಬಾರದು. ಗಣೇಶನ ಹಬ್ಬಕ್ಕೂ ಸಿಸಿಟಿವಿಗೂ ಆ ಹಣ ಅಲ್ಲ.

ಪ್ರಶ್ನೆ: ಬೋಗಾದಿಯ ನಮ್ಮ ಫ್ಲ್ಯಾಟ್ ಕೈಗೆ ಬಂದು ಮೂರು ವರ್ಷ. ಬೀಮ್ ಬಿರುಕು ಬಿಟ್ಟಿದೆ. ಖರ್ಚು ನಮ್ಮದೇ?

ಉತ್ತರ: ಪ್ರಾಜೆಕ್ಟ್ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ನೋಂದಣಿಯಾಗಿದ್ದು, ಅದು ರಚನೆಯ ದೋಷವಾಗಿದ್ದರೆ ಖರ್ಚು ಬಿಲ್ಡರ್‌ದು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ತಿಳಿಸಿದರೆ 30 ದಿನದಲ್ಲಿ ಸರಿಪಡಿಸಬೇಕು. ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ತಿಳಿಸಿ.

ಪ್ರಶ್ನೆ: ಪಿಲ್ಲರ್ ರಿಪೇರಿಯ ದುಡ್ಡಿಗಾಗಿ ತಾರಸಿಯನ್ನು ಮೊಬೈಲ್ ಟವರ್‌ಗೆ ಬಾಡಿಗೆ ಕೊಡಬಹುದೇ?

ಉತ್ತರ: ಪಿಲ್ಲರ್ ಸರಿಯಿಲ್ಲದ ಕಟ್ಟಡದ ತಲೆ ಮೇಲೆ ಇನ್ನಷ್ಟು ಭಾರವೇ? ಬೇಡ.