ಓದುಗರ ಪ್ರಶ್ನೆ: ಹಳೆಯ ನಾಣ್ಯ ನೋಡಲು ಎಂಥ ಹಾಸು?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ 1862ರ ಕೆಲವು ಬೆಳ್ಳಿ ರೂಪಾಯಿಗಳೂ ತಾಮ್ರದ ಕಾಸುಗಳೂ ಸಿಕ್ಕಿವೆ. ಜಗಲಿಯಲ್ಲಿ ಕುಳಿತು ಭೂತಗನ್ನಡಿಯಿಂದ ನೋಡುವಾಗ ಒಂದು ರೂಪಾಯಿ ಸಿಮೆಂಟಿನ ನೆಲಕ್ಕೆ ಬಿತ್ತು. ಕೆಳಗೆ ಏನು ಹಾಸಿಕೊಳ್ಳಬೇಕು?
– ಓದುಗರೊಬ್ಬರು, ಕುಂಬಳೆ

ಉತ್ತರ: ಆ ರೂಪಾಯಿ 11.66 ಗ್ರಾಂ ತೂಕದ, ಶೇಕಡಾ 91.7 ಬೆಳ್ಳಿಯ ನಾಣ್ಯ. ಗಟ್ಟಿ ನೆಲಕ್ಕೆ ಬಿದ್ದರೆ ಅಂಚು ನಗ್ಗುತ್ತದೆ, ಆ ನಗ್ಗನ್ನು ನಾಣ್ಯಕ್ಕೆ ಹಾನಿಯಾಗದಂತೆ ಸರಿಪಡಿಸಲು ಸಾಧ್ಯವಿಲ್ಲ. ಚೆನ್ನಾಗಿ ಒಗೆದು ಒಣಗಿಸಿದ, ಗಂಜಿ ಹಾಕದ ಬಿಳಿ ಹತ್ತಿಯ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿದರೆ ಸಾಕು. ಆದರೆ ಹಾಸುವ ಮೊದಲು ಕೊಡವಲೇಬೇಕು, ಏಕೆಂದರೆ ನಮ್ಮ ಮುರಕಲ್ಲಿನ ಮನೆಗಳಲ್ಲಿ ಉದುರುವ ಕೆಂಪು ಹುಡಿಯ ಒಂದೇ ಕಣವು ನಾಣ್ಯದಡಿ ಸಿಕ್ಕಿ ಜಾರಿದರೂ ನಾಣ್ಯದ ಮೇಲಿರುವ ವಿಕ್ಟೋರಿಯಾ ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರು ಮೂಡುತ್ತದೆ. ನಾಣ್ಯವನ್ನು ಎಳೆಯದೆ, ಅಂಚನ್ನಷ್ಟೇ ಎರಡು ಬೆರಳುಗಳಲ್ಲಿ ಹಿಡಿದು, ಹಾಸಿನಿಂದ ಎರಡು ಇಂಚಿಗಿಂತ ಮೇಲೆತ್ತದೆ ನೋಡಿರಿ.

ಕಂಪ್ಯೂಟರಿನ ಮೌಸ್‌ಪ್ಯಾಡ್ ಮೆತ್ತಗಿದೆಯೆಂದು ಹಲವರು ಬಳಸುತ್ತಾರೆ, ನಾನು ಒಪ್ಪುವುದಿಲ್ಲ. ರಬ್ಬರಿನಲ್ಲೂ ಉಣ್ಣೆಯಲ್ಲೂ ಇರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪಿವಿಸಿ ಹಾಳೆಯ ಮೇಲೆ ಬಹುಕಾಲ ಉಳಿದ ನಾಣ್ಯಕ್ಕೆ ಹಸಿರು ಅಂಟು ಹತ್ತುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರುವುದರಿಂದ, ನೋಡಿದ ಕೂಡಲೇ ನಾಣ್ಯಗಳನ್ನು ಎತ್ತಿಡಿರಿ. ಕಡಲ ಗಾಳಿಯ ಉಪ್ಪಿಗೆ ತಾಮ್ರವಂತೂ ಬೇಗ ಹಾಳಾಗುತ್ತದೆ. ಬಿದ್ದ ರೂಪಾಯಿಯನ್ನು ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ.