ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಕಾನೂನು, ನ್ಯಾಯಾಧೀಶರು ಎಲ್ಲಿಂದ ಬರುತ್ತಾರೆ?

ಒಂದು ದೇಶ ಸ್ವತಂತ್ರವಾದ ಮರುದಿನ ಅಲ್ಲಿ ಯಾವ ಕಾನೂನು ಚಾಲ್ತಿಯಲ್ಲಿರುತ್ತದೆ, ನ್ಯಾಯಾಧೀಶರನ್ನು ಯಾರು ನೇಮಿಸುತ್ತಾರೆ ಎಂದು ತಾವು ಕೇಳಿದ್ದೀರಿ. ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನಗೆ ಈ ಪ್ರಶ್ನೆಗೆ ಸರಿಯಾದ ಉದಾಹರಣೆಯಾಗಿ ತೋರುವುದು ಆಗ್ನೇಯ ಏಷ್ಯಾದ ಪುಟ್ಟ ದೇಶ ಪೂರ್ವ ತಿಮೋರ್. ನಮ್ಮ ದೇಶದ ಅನುಭವದಿಂದ ಈ ಕೆಲಸದ ಕಷ್ಟ ಪೂರ್ತಿಯಾಗಿ ತಿಳಿಯುವುದಿಲ್ಲ. ವಿಭಜನೆಗೆ ಸಿಕ್ಕಿದ ಪಂಜಾಬ್, ಬಂಗಾಳಗಳನ್ನು ಬಿಟ್ಟರೆ, 1947ರಲ್ಲಿ ಇಲ್ಲಿನ ಹೈಕೋರ್ಟುಗಳು, ಮುನ್ಸೀಫರು, ವಕೀಲರು, ದಫ್ತರುಗಳು ಇದ್ದಲ್ಲೇ ಇದ್ದವು. ಮುಂದೆ ಸಂವಿಧಾನದ 372ನೇ ವಿಧಿ ಹಳೆಯ ಕಾನೂನುಗಳನ್ನು ಮುಂದುವರಿಸಿತು. 374ನೇ ವಿಧಿಯ ಪ್ರಕಾರ ಬ್ರಿಟಿಷರ ಕಾಲದ ಫೆಡರಲ್ ಕೋರ್ಟಿನ ನ್ಯಾಯಮೂರ್ತಿಗಳೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು.

ಪೂರ್ವ ತಿಮೋರಿನಲ್ಲಿ ಇದಾವುದೂ ಉಳಿದಿರಲಿಲ್ಲ. ಪೋರ್ಚುಗೀಸರ ವಸಾಹತಾಗಿದ್ದ ಆ ನಾಡನ್ನು 1975ರ ಡಿಸೆಂಬರಿನಲ್ಲಿ ಇಂಡೋನೇಷ್ಯಾ ಸೇನೆ ಆಕ್ರಮಿಸಿತು. 1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇಕಡಾ 78.5ರಷ್ಟು ಜನ ಸ್ವಾತಂತ್ರ್ಯದ ಪರವಾಗಿ ನಿಂತರು. ಅದರ ಬೆನ್ನಿಗೇ ಇಂಡೋನೇಷ್ಯಾ ಪರವಾದ ಸಶಸ್ತ್ರ ಗುಂಪುಗಳು ಊರೂರುಗಳಿಗೆ ಬೆಂಕಿಯಿಟ್ಟವು. ನ್ಯಾಯಾಲಯದ ಕಟ್ಟಡಗಳು, ಕಡತಗಳು, ಕಾನೂನು ಪುಸ್ತಕಗಳು ಸುಟ್ಟುಹೋದವು, ಮೇಜು ಕುರ್ಚಿಗಳು ಲೂಟಿಯಾದವು. ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು ಇಂಡೋನೇಷ್ಯಾಕ್ಕೆ ಹೊರಟುಹೋದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಕ್ಟೋಬರ್ 25ರಂದು ತನ್ನ 1272ನೇ ನಿರ್ಣಯದ ಮೂಲಕ ಒಂದು ಮಧ್ಯಂತರ ಆಡಳಿತವನ್ನು ಸ್ಥಾಪಿಸಿ, ಕಾನೂನು ರಚಿಸುವ ಮತ್ತು ನ್ಯಾಯ ನಡೆಸುವ ಅಧಿಕಾರವನ್ನೂ ಅದಕ್ಕೇ ಒಪ್ಪಿಸಿತು. ಬ್ರೆಜಿಲ್ ದೇಶದ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಅದರ ಮುಖ್ಯಸ್ಥರಾಗಿ ಬಂದರು.

ತಮ್ಮ ಮೊದಲ ಪ್ರಶ್ನೆಗೆ ಉತ್ತರ ಅವರು 1999ರ ನವೆಂಬರ್ 27ರಂದು ಹೊರಡಿಸಿದ ಮೊದಲನೆಯ ನಿಯಮಾವಳಿಯಲ್ಲಿದೆ. ಅಕ್ಟೋಬರ್ 25ಕ್ಕೆ ಮುಂಚೆ ಅಲ್ಲಿ ಅನ್ವಯವಾಗುತ್ತಿದ್ದ ಕಾನೂನುಗಳೇ, ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಮಾನದಂಡಕ್ಕೆ ವಿರುದ್ಧವಾಗದಷ್ಟರ ಮಟ್ಟಿಗೆ, ಮುಂದುವರಿಯುತ್ತವೆ ಎಂದು ಅದು ಹೇಳಿತು. ವಿಧ್ವಂಸಕ ಚಟುವಟಿಕೆಗಳ ವಿರುದ್ಧದ ಕಾನೂನೂ ಸೇರಿದಂತೆ ಕೆಲವು ಕಾಯ್ದೆಗಳನ್ನು ಹೆಸರಿಸಿ ಕೈಬಿಟ್ಟಿತು, ಮರಣದಂಡನೆಯನ್ನು ತೆಗೆದುಹಾಕಿತು. ಹೊಸ ರಾಜ್ಯಗಳೆಲ್ಲ ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ, ಏಕೆಂದರೆ ಮದುವೆ, ಸಾಲ, ಕಳವು, ಕೊಲೆಗಳು ಹೊಸ ಸಂಹಿತೆ ಸಿದ್ಧವಾಗುವವರೆಗೆ ಕಾಯುವುದಿಲ್ಲ.

ನ್ಯಾಯಾಧೀಶರ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಇಂಡೋನೇಷ್ಯಾ ಆಡಳಿತ ತಿಮೋರಿನವರನ್ನು ನ್ಯಾಯಾಧೀಶರನ್ನಾಗಿ ನೇಮಿಸಿರಲೇ ಇಲ್ಲ. ಕಾನೂನು ಪದವಿ ಪಡೆದವರು ಯಾರಿದ್ದಾರೆ, ಬದುಕುಳಿದವರು ಎಲ್ಲಿದ್ದಾರೆ ಎಂಬುದಕ್ಕೆ ಪಟ್ಟಿಯೂ ಇರಲಿಲ್ಲ. ಕಡೆಗೆ, ಕಾನೂನು ಓದಿದವರು ಮುಂದೆ ಬರಬೇಕೆಂಬ ಕರಪತ್ರಗಳನ್ನು, ಹಿಂಸೆಯನ್ನು ತಡೆಯಲು ಬಂದಿದ್ದ ಅಂತರರಾಷ್ಟ್ರೀಯ ಸೇನೆಯ ವಿಮಾನಗಳಿಂದ ನಾಡಿನ ಮೇಲೆ ಎಸೆಯಲಾಯಿತು. ಹೀಗೆ ಬಂದವರನ್ನು ಮೂವರು ತಿಮೋರಿಗರು ಮತ್ತು ಇಬ್ಬರು ವಿದೇಶಿ ತಜ್ಞರಿದ್ದ ಆಯೋಗವೊಂದು ಪರಿಶೀಲಿಸಿತು. 2000ದ ಜನವರಿ 7ರಂದು ರಾಜಧಾನಿ ದಿಲಿಯಲ್ಲಿ ಮೊದಲ ಎಂಟು ನ್ಯಾಯಾಧೀಶರು, ಇಬ್ಬರು ಅಭಿಯೋಜಕರು ನೇಮಕಗೊಂಡರು. ಅವರಲ್ಲಿ ಒಬ್ಬರಿಗೂ ನ್ಯಾಯಪೀಠದ ಅನುಭವವಿರಲಿಲ್ಲ. ಆ ಅಂತರರಾಷ್ಟ್ರೀಯ ಸೇನೆ ಹಿಡಿದ ಆರೋಪಿಗಳು ಆಗಲೇ ಬಂಧನದಲ್ಲಿದ್ದರು. ಬಂಧನವನ್ನು ಮುಂದುವರಿಸುವುದೋ ಬಿಡುವುದೋ ಎಂದು ನಿರ್ಧರಿಸಲು ಕಾನೂನಿನ ಪ್ರಕಾರ ನ್ಯಾಯಾಧೀಶರೊಬ್ಬರು ಬೇಕೇಬೇಕಾಗಿತ್ತು. ಅವಸರದ ನೇಮಕ ಎಂದು ಇದನ್ನು ಆಕ್ಷೇಪಿಸುವವರಿದ್ದಾರೆ. ಊರಿನವರನ್ನೇ ಪೀಠದಲ್ಲಿ ಕೂರಿಸಿದ್ದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪಿದ್ದು ಆಮೇಲೆ: ಕೆಲವೇ ದಿನಗಳ ತರಬೇತಿ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸುವ ಅನುಭವಿಗಳನ್ನು ಸಾಕಷ್ಟು ಒದಗಿಸದೆ, ಅಷ್ಟು ದೊಡ್ಡ ಹೊರೆಯನ್ನು ಅವರ ಮೇಲೆ ಹೊರಿಸಲಾಯಿತು.

ದಿಲಿ, ಬೌಕಾವ್, ಸುವಾಯಿ, ಒಯಿಕುಸಿಗಳಿಗೆ ಜಿಲ್ಲಾ ನ್ಯಾಯಾಲಯಗಳು, ಎಲ್ಲದರ ಮೇಲೆ ದಿಲಿಯಲ್ಲೊಂದು ಮೇಲ್ಮನವಿ ನ್ಯಾಯಾಲಯ ಎಂಬ ವ್ಯವಸ್ಥೆಯಾಯಿತು. ಆದರೆ ಸುವಾಯಿ, ಒಯಿಕುಸಿ ನ್ಯಾಯಾಲಯಗಳು ಬಹುಕಾಲ ದಿಲಿಯಲ್ಲೇ ಕುಳಿತವು. ನ್ಯಾಯಾಧೀಶರ ಕೊರತೆಯಿಂದ ಮೇಲ್ಮನವಿ ನ್ಯಾಯಾಲಯವೇ 2001ರ ಕೊನೆಯಿಂದ 2003ರ ನಡುವಿನವರೆಗೆ ಕಲಾಪ ನಡೆಸಲಿಲ್ಲ. 2002ರ ಮೇ 20ರಂದು ಸ್ವಾತಂತ್ರ್ಯ ಘೋಷಣೆಯಾದಾಗ ಆ ದೇಶಕ್ಕೆ ಮೇಲ್ಮನವಿ ಕೇಳುವವರೇ ಇರಲಿಲ್ಲ.

ಭಾಷೆಯ ತೊಡಕು ಇನ್ನೂ ಆಳವಾದದ್ದು. ಜಾರಿಯಲ್ಲಿದ್ದ ಸಂಹಿತೆಗಳು ಇಂಡೋನೇಷ್ಯಾದ ಭಾಷೆಯಲ್ಲಿದ್ದವು, ವಿಶ್ವಸಂಸ್ಥೆಯ ನಿಯಮಾವಳಿಗಳು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತಿದ್ದವು. ಹೊಸ ಸಂವಿಧಾನ ಪೋರ್ಚುಗೀಸ್ ಮತ್ತು ಅಲ್ಲಿನ ಜನರ ಆಡುಭಾಷೆಯಾದ ತೇತುಂಗಳನ್ನು ಅಧಿಕೃತ ಭಾಷೆಗಳೆಂದು ಸಾರಿತು. ದ್ವೀಪದ ಪೂರ್ವ ತುದಿಯಿಂದ ಬಂದ, ಆ ಭಾಗದ ಫಾತಾಲುಕು ಭಾಷೆ ಮಾತ್ರ ಬಲ್ಲ ಸಾಕ್ಷಿಯ ಮಾತು ಮೊದಲು ತೇತುಂಗೆ, ಅಲ್ಲಿಂದ ಇಂಗ್ಲಿಷಿಗೋ ಪೋರ್ಚುಗೀಸಿಗೋ ತಿರುಗಿ ಪೀಠವನ್ನು ತಲುಪಬೇಕಾಗಿತ್ತು. ವಕೀಲರ ಪ್ರಶ್ನೆ ಅದೇ ದಾರಿಯಲ್ಲಿ ಹಿಂದಿರುಗಬೇಕಾಗಿತ್ತು. ಇಂಡೋನೇಷ್ಯಾದಲ್ಲಿ ಓದಿ ಬಂದಿದ್ದ ನ್ಯಾಯಾಧೀಶರಲ್ಲಿ ಹೆಚ್ಚಿನವರಿಗೆ ಪೋರ್ಚುಗೀಸ್ ಬರುತ್ತಿರಲಿಲ್ಲ. 2005ರ ಆರಂಭದಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಅವರೆಲ್ಲರೂ ಅನುತ್ತೀರ್ಣರಾಗಿ ತರಬೇತಿಗೆ ಮರಳಿದರು, ಪೀಠಗಳಲ್ಲಿ ವಿದೇಶಿ ನ್ಯಾಯಾಧೀಶರು ಕುಳಿತರು. ಐದು ವರ್ಷ ಸಂಕಟದ ನಡುವೆ ನ್ಯಾಯ ನಡೆಸಿದವರಿಗೆ ಹೀಗಾಯಿತಲ್ಲ ಎಂದು ಓದುವಾಗ ಇಂದಿಗೂ ನೋವಾಗುತ್ತದೆ.

ಹಳೆಯ ಕಾನೂನು ಮುಂದುವರಿಯುತ್ತದೆ ಎಂಬ ಆ ಸರಳ ವಾಕ್ಯವೂ ಕೈಕೊಟ್ಟಿತು. 2003ರ ಜುಲೈನಲ್ಲಿ ಅರ್ಮಾಂಡೊ ಡಾಸ್ ಸಾಂಟೋಸ್ ಎಂಬ ಆರೋಪಿಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಇಂಡೋನೇಷ್ಯಾದ ಆಕ್ರಮಣವೇ ಅಕ್ರಮವಾದ್ದರಿಂದ ಅದರ ಕಾನೂನು ಇಲ್ಲಿ ಎಂದೂ ಸಿಂಧುವಾಗಿರಲಿಲ್ಲ, ಆದ್ದರಿಂದ ಮುಂದುವರಿದಿರುವುದು ಪೋರ್ಚುಗೀಸ್ ಕಾನೂನು ಎಂದು ಬಹುಮತದಿಂದ ತೀರ್ಪಿತ್ತಿತು. ತತ್ವದ ದೃಷ್ಟಿಯಿಂದ ಆ ವಾದಕ್ಕೆ ಬಲವಿದೆ. ಆದರೆ ಆವರೆಗೆ ಇಂಡೋನೇಷ್ಯಾ ದಂಡಸಂಹಿತೆಯಡಿ ನಡೆದ ವಿಚಾರಣೆಗಳ ಗತಿಯೇನು? ಅದೇ ವರ್ಷ ಸಂಸತ್ತು 10ನೇ ಕಾನೂನನ್ನು ಮಾಡಿ, ಮುಂದುವರಿದದ್ದು ಇಂಡೋನೇಷ್ಯಾ ಕಾನೂನೇ ಎಂದು ಸ್ಪಷ್ಟಪಡಿಸಿತು. ಅವರದೇ ದಂಡಸಂಹಿತೆ ಬಂದದ್ದು 2009ರಲ್ಲಿ, ಸಿವಿಲ್ ಸಂಹಿತೆ 2011ರಲ್ಲಿ.

ಈ ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಹಳ್ಳಿಗಳಲ್ಲಿ ನಡೆದ ರಾಜಿ ಪ್ರಕ್ರಿಯೆ. ಮನೆ ಸುಟ್ಟವರು, ದನಕರು ಕದ್ದವರು ಮುಂತಾದ ಸಣ್ಣ ಅಪರಾಧಿಗಳನ್ನು ನ್ಯಾಯಾಲಯಕ್ಕೆ ಎಳೆದಿದ್ದರೆ ಆ ಪೀಠಗಳು ಕುಸಿಯುತ್ತಿದ್ದವು. ಅದಕ್ಕಾಗಿ 2001ರ ನಿಯಮಾವಳಿಯೊಂದರಡಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ತಪ್ಪು ಮಾಡಿದವನು ಹೇಳಿಕೆ ಕೊಡಬೇಕು. ಊರ ಹಿರಿಯರು ದೊಡ್ಡ ಚಾಪೆ ಹಾಸಿ, ನೊಂದವರೆದುರು ಅವನನ್ನು ವಿಚಾರಿಸಬೇಕು. ಮಾತು ಮುಗಿದು ಒಪ್ಪಂದವಾಗುವವರೆಗೆ ಚಾಪೆ ಸುತ್ತುವಂತಿರಲಿಲ್ಲ. ಕ್ಷಮೆ, ಪರಿಹಾರ, ಊರಿಗಾಗಿ ದುಡಿಮೆ ಮುಂತಾದ ಷರತ್ತುಗಳಿದ್ದ ಆ ಒಪ್ಪಂದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಆದೇಶವಾಗುತ್ತಿತ್ತು. ಕೊಲೆ, ಅತ್ಯಾಚಾರಗಳನ್ನು ಇದರಿಂದ ಹೊರಗಿಟ್ಟು, ಇಬ್ಬರು ವಿದೇಶಿಯರು ಮತ್ತು ಒಬ್ಬ ತಿಮೋರಿಗರಿದ್ದ ವಿಶೇಷ ಪೀಠಗಳಿಗೆ ವಹಿಸಲಾಗಿತ್ತು.

ತಾವು ಮುಂದೆ ಓದುವುದಾದರೆ ಜಮೀನಿನ ಕಾನೂನನ್ನು ಗಮನಿಸಿ. ಒಂದೇ ತುಂಡು ನೆಲಕ್ಕೆ ಒಬ್ಬರ ಬಳಿ ಪೋರ್ಚುಗೀಸರ ಕಾಲದ ಪತ್ರ, ಇನ್ನೊಬ್ಬರ ಬಳಿ ಇಂಡೋನೇಷ್ಯಾ ಕೊಟ್ಟ ಪತ್ರ, ಅನುಭೋಗದಲ್ಲಿರುವ ಮೂರನೆಯವರಿಗೆ ತಲೆತಲಾಂತರದ ರೂಢಿಯ ಹಕ್ಕು ಇರಬಹುದು. ಇವರಲ್ಲಿ ಯಾರ ಹಕ್ಕು ಮೇಲು ಎಂಬುದನ್ನು ತೀರ್ಮಾನಿಸುವ ಕಾನೂನು ಸ್ವಾತಂತ್ರ್ಯ ಬಂದು 15 ವರ್ಷಗಳಾದ ಮೇಲೆ, 2017ರಲ್ಲಿ, ಅಂಗೀಕಾರವಾಯಿತು.